ಏಳು ಆಟದ ಅಂಕಪಟ್ಟಿ



‘ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು’ ಎಂಬ ಗಾದೆಯನ್ನು ನೀವು ಮನೆಯಲ್ಲಿ ಒಮ್ಮೆಯಾದರೂ ಕೇಳಿರುತ್ತೀರಿ. ಬೆಳಿಗ್ಗೆ ಕ್ರಿಕೆಟ್, ಸಂಜೆ ವಾಲಿಬಾಲ್, ನಡುವೆ ಶಾಲೆಯ ಓಟದ ಸ್ಪರ್ಧೆ ಎಂದು ಓಡಾಡುವ ಮಕ್ಕಳಿಗೆ ಅಜ್ಜ ಅಜ್ಜಿಯರು, ಅಪ್ಪ ಅಮ್ಮಂದಿರು ಹೇಳುವ ಬುದ್ಧಿಮಾತು ಇದು. ಎಂಟನೆಯ ತರಗತಿಯವರೆಗೆ ಇದು ಬರೀ ಮಾತು. ಒಂಬತ್ತಕ್ಕೆ ಬಂದಾಗ ಅಪ್ಪಣೆಯಾಗುತ್ತದೆ: ಆಡುವುದಾದರೆ ಯಾವುದಾದರೂ ಒಂದನ್ನು ಆಡು. ಹತ್ತಕ್ಕೆ ಬಂದಾಗ ಆ ಒಂದೂ ಉಳಿಯುವುದಿಲ್ಲ. ಕ್ಲಾಸು, ಟ್ಯೂಷನ್ನು, ಪರೀಕ್ಷೆಗಳ ನಡುವೆ ಆಟದ ಬೂಟು ಅಟ್ಟ ಸೇರುತ್ತದೆ. ಹುಡುಗಿಯರ ಪಾಲಿಗೆ ಈ ದಿನ ಒಂದೆರಡು ವರ್ಷ ಮೊದಲೇ ಬರುತ್ತದೆ.

ಹಿರಿಯರ ಮಾತಿನಲ್ಲಿ ಸತ್ಯವಿದೆ. ಆದರೆ ಯಾವುದು ಮುತ್ತು ಎಂದು ಹದಿಮೂರನೆಯ ವಯಸ್ಸಿನಲ್ಲಿ ಗುರುತಿಸುವುದು ಹೇಗೆ? ಹತ್ತನ್ನು ಕಟ್ಟಿ ನೋಡದೆ ಮುತ್ತು ಕೈಗೆ ಸಿಕ್ಕೀತೆ? ಈ ಪ್ರಶ್ನೆಗೆ ಉತ್ತರವಾಗಿ ಒಬ್ಬ ಶಾಲಾ ಬಾಲಕಿಯ ಕಥೆಯನ್ನು ನಿಮ್ಮ ಮುಂದಿಡುತ್ತೇನೆ. ಹೈಸ್ಕೂಲಿನಲ್ಲಿ ಅವಳು ವಾಲಿಬಾಲ್ ಆಡಿದಳು, ಬಾಸ್ಕೆಟ್‌ಬಾಲ್ ಆಡಿದಳು, ಓಡಿದಳು, ಜಿಗಿದಳು. ಒಂದನ್ನೂ ಬಿಡಲಿಲ್ಲ. ಆ ಎಲ್ಲ ಆಟಗಳ ಬುನಾದಿಯ ಮೇಲೆ ಅವಳು ಮುಂದೆ ಕಟ್ಟಿದ ಒಂದು ವಿಶ್ವದಾಖಲೆಯನ್ನು 1988ರಿಂದ ಈವರೆಗೆ ಯಾರೂ ಮುರಿದಿಲ್ಲ. ಅವಳ ಹೆಸರು ಜಾಕಿ ಜಾಯ್ನರ್. ಮದುವೆಯ ನಂತರ ಜಾಕಿ ಜಾಯ್ನರ್-ಕರ್ಸಿ ಎಂದು ಜಗತ್ಪ್ರಸಿದ್ಧಳಾದ ಅಮೆರಿಕದ ಕ್ರೀಡಾಪಟು.

ಚಿಪ್ಸ್ ಪೊಟ್ಟಣದಲ್ಲಿ ಬಂದ ಮರಳು

ಅಮೆರಿಕವೆಂದರೆ ಎಲ್ಲವೂ ಸುಖ, ಎಲ್ಲರಿಗೂ ಸೌಕರ್ಯ ಎಂಬ ಕಲ್ಪನೆ ನಮ್ಮಲ್ಲಿ ಅನೇಕರಿಗಿದೆ. ಜಾಕಿ ಹುಟ್ಟಿ ಬೆಳೆದ ಊರನ್ನು ನೋಡಿದರೆ ಆ ಕಲ್ಪನೆ ನಿಲ್ಲುವುದಿಲ್ಲ. ಮಿಸಿಸಿಪ್ಪಿ ನದಿಯ ಒಂದು ದಡದಲ್ಲಿ ಸೇಂಟ್ ಲೂಯಿಸ್ ಮಹಾನಗರ. ಎದುರು ದಡದಲ್ಲಿ, ಇಲಿನಾಯ್ ರಾಜ್ಯಕ್ಕೆ ಸೇರಿದ ಈಸ್ಟ್ ಸೇಂಟ್ ಲೂಯಿಸ್. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿ, ಕೆಲಸ ಹೋಗಿ, ಬಡತನವೂ ಅಪರಾಧವೂ ಬೆಳೆದ ಊರು ಅದು. ಅಲ್ಲಿನ ಪಿಗಟ್ ಅವೆನ್ಯೂ ಎಂಬ ಬೀದಿಯಲ್ಲಿ 1962ರ ಮಾರ್ಚ್ 3ರಂದು ಹುಟ್ಟಿದ ಮಗುವಿಗೆ ಅಜ್ಜಿ ಇಟ್ಟ ಹೆಸರು ಜಾಕಿ. ಆಗಿನ ಅಧ್ಯಕ್ಷ ಕೆನಡಿಯವರ ಪತ್ನಿಯ ಹೆಸರದು. ಈ ಕೂಸೂ ಒಂದು ದಿನ ಯಾವುದಾದರೊಂದರಲ್ಲಿ ಪ್ರಥಮ ಮಹಿಳೆಯಾಗುತ್ತಾಳೆ ಎಂಬುದು ಅಜ್ಜಿಯ ಆಸೆ.

ತಂದೆ ಆಲ್ಫ್ರೆಡ್, ತಾಯಿ ಮೇರಿ ಹದಿಹರೆಯದಲ್ಲೇ ಮದುವೆಯಾದವರು. ತಂದೆಗೆ ಊರಿನಿಂದ ದೂರದಲ್ಲಿ ರೈಲ್ವೆ ಕೆಲಸ. ತಾಯಿ ಆಸ್ಪತ್ರೆಯಲ್ಲಿ ದಾದಿಯರ ಸಹಾಯಕಿ. ಮನೆಯಲ್ಲಿ ನಾಲ್ಕು ಮಕ್ಕಳು. ಚಳಿಗಾಲದಲ್ಲಿ ನಲ್ಲಿಯ ಕೊಳವೆಯಲ್ಲೇ ನೀರು ಹೆಪ್ಪುಗಟ್ಟಿದಾಗ ಅಡುಗೆಮನೆಯ ಒಲೆಯ ಮೇಲೆ ಕಾಯಿಸಿಕೊಂಡದ್ದೇ ಸ್ನಾನದ ನೀರು. ಮನೆಯ ಹತ್ತಿರವೇ ಮದ್ಯದಂಗಡಿ. ಕಣ್ಣೆದುರಿಗೇ ಒಬ್ಬ ಮನುಷ್ಯ ಗುಂಡೇಟು ತಿಂದದ್ದನ್ನು ಜಾಕಿ ಇನ್ನೂ ಹನ್ನೆರಡು ತುಂಬುವ ಮೊದಲೇ ಕಂಡಿದ್ದಳು.

ಅದೇ ಬೀದಿಯಲ್ಲಿ ಇನ್ನೊಂದು ಕಟ್ಟಡವೂ ಇತ್ತು: ಮೇರಿ ಬ್ರೌನ್ ಸಮುದಾಯ ಕೇಂದ್ರ. ಮಕ್ಕಳಿಗೆ ಅಲ್ಲಿ ನೃತ್ಯ, ಓದು, ಆಟ ಎಲ್ಲವೂ ಸಿಗುತ್ತಿತ್ತು. ನಮ್ಮ ಸಂಘದ ಸಭಾಭವನದಂಥ ಜಾಗ ಎಂದುಕೊಳ್ಳಿ. ಒಂಬತ್ತು ವರ್ಷದ ಜಾಕಿ ಓಟಕ್ಕೆ ಹೆಸರು ಕೊಟ್ಟದ್ದು ಅಲ್ಲಿ. ‘ಬೆಳೆಯುವ ಸಿರಿ ಮೊಳಕೆಯಲ್ಲಿ ನೋಡು’ ಎನ್ನುತ್ತೇವಲ್ಲ? ಈ ಮೊಳಕೆಯನ್ನು ನೋಡಿದ್ದರೆ ಯಾರೂ ಆಸೆ ಇಟ್ಟುಕೊಳ್ಳುತ್ತಿರಲಿಲ್ಲ. ಮೊದಲ ಓಟದಲ್ಲಿ ಅವಳು ಎಲ್ಲರಿಗಿಂತ ಕೊನೆಗೆ ಬಂದಳು. ಮರುದಿನವೂ ಓಡಲು ಬಂದಳು. ಅದರ ಮರುದಿನವೂ ಬಂದಳು.

ಉದ್ದ ಜಿಗಿತದ ಹುಚ್ಚು ಹತ್ತಿದ ಮೇಲೆ ಅಭ್ಯಾಸಕ್ಕೆ ಮನೆಯ ಬಳಿ ಮರಳಿನ ಗುಂಡಿ ಬೇಕಾಯಿತು. ಜಾಕಿ ಮತ್ತು ತಂಗಿಯರು ಹತ್ತಿರದ ಉದ್ಯಾನದಿಂದ ಆಲೂಗಡ್ಡೆ ಚಿಪ್ಸಿನ ಖಾಲಿ ಪೊಟ್ಟಣಗಳಲ್ಲಿ ಮರಳು ತುಂಬಿ ತಂದು ಮನೆಯ ಮುಂದೆ ಸುರಿದರು. ಜಗಲಿಯ ಕಟಾಂಜನದ ಮೇಲೆ ಹತ್ತಿ ಆ ಮರಳಿಗೆ ಹಾರುವುದೇ ಅವಳ ಮೊದಲ ತಾಲೀಮು. ಮುಂದೆ 7 ಮೀಟರಿಗೂ ಆಚೆ ಹಾರಿದ ಕಾಲುಗಳು ಶುರುಮಾಡಿದ್ದು ಅಲ್ಲಿಂದ. ಮೈದಾನವಿಲ್ಲ, ಸೌಕರ್ಯವಿಲ್ಲ ಎನ್ನುವ ನಮ್ಮ ನಗರದ ಮಕ್ಕಳು ಆ ಚಿಪ್ಸ್ ಪೊಟ್ಟಣವನ್ನು ಒಮ್ಮೆ ನೆನೆಸಿಕೊಳ್ಳಬೇಕು.

ಹದಿನಾಲ್ಕರ ಆಸುಪಾಸಿನಲ್ಲಿ ಅವಳು ದೂರದರ್ಶನದಲ್ಲಿ ಒಂದು ಚಿತ್ರ ನೋಡಿದಳು. ಬೇಬ್ ಡಿಡ್ರಿಕ್ಸನ್ ಎಂಬ ಕ್ರೀಡಾಪಟುವಿನ ಜೀವನ ಕುರಿತ, 1975ರಲ್ಲಿ ಬಂದ ಚಿತ್ರ. ಈ ಬೇಬ್ 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಭರ್ಜಿ ಎಸೆತ ಮತ್ತು ಹರ್ಡಲ್ಸ್‌ನಲ್ಲಿ ಚಿನ್ನ, ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದವಳು. ಬಾಸ್ಕೆಟ್‌ಬಾಲ್‌ನಲ್ಲೂ ಎತ್ತಿದ ಕೈ. ಆಮೇಲೆ ಗಾಲ್ಫ್‌ನಲ್ಲಿ ಮೆರೆದವಳು. ಒಬ್ಬಳೇ ಹೆಣ್ಣುಮಗಳು ಇಷ್ಟೆಲ್ಲ ಆಡಬಹುದು ಎಂಬುದು ಜಾಕಿಗೆ ಹೊಸ ಬೆಳಕಾಯಿತು. ನೀನೋ ಫೆನಾಯ್ ಎಂಬ ತರಬೇತುದಾರರು ಅವಳನ್ನು ಪೆಂಟಾಥ್ಲಾನ್ ಕಡೆಗೆ ತಿರುಗಿಸಿದರು. ಅಡೆತಡೆ ಓಟ, ಗುಂಡು ಎಸೆತ, ಎತ್ತರ ಜಿಗಿತ, ಉದ್ದ ಜಿಗಿತ, ಕೊನೆಗೆ ಒಂದು ಓಟ: ಐದು ಸ್ಪರ್ಧೆಗಳನ್ನು ಒಬ್ಬರೇ ಮಾಡಿ ಅಂಕ ಕೂಡಿಸುವ ಪಂದ್ಯ ಅದು. ಹದಿನಾಲ್ಕನೆಯ ವಯಸ್ಸಿನಲ್ಲಿ ಜಾಕಿ ರಾಷ್ಟ್ರೀಯ ಕಿರಿಯರ ಪೆಂಟಾಥ್ಲಾನ್ ಗೆದ್ದಳು. ಮುಂದಿನ ಮೂರು ವರ್ಷವೂ ಅವಳೇ ಗೆದ್ದಳು.

ಒಂದೊಂದು ಋತುವಿಗೆ ಒಂದೊಂದು ಆಟ

ಲಿಂಕನ್ ಹೈಸ್ಕೂಲಿನಲ್ಲಿ ಜಾಕಿ ಮೂರು ತಂಡಗಳಲ್ಲಿದ್ದಳು. ಹಾಗಾದರೆ ದಿನಕ್ಕೆ ಮೂರು ಆಟದ ಅಭ್ಯಾಸವೆ, ಓದಿಗೆ ಹೊತ್ತೆಲ್ಲಿ ಎಂದು ನೀವು ಕೇಳಬಹುದು. ಅಮೆರಿಕದ ಶಾಲಾ ಕ್ರೀಡೆಯ ಗುಟ್ಟು ಇಲ್ಲಿದೆ. ಅಲ್ಲಿ ಶಾಲೆಯ ವರ್ಷವನ್ನು ಋತುಗಳಾಗಿ ಹಂಚಿ, ಒಂದೊಂದು ಋತುವಿಗೆ ಒಂದೊಂದು ಆಟ ಇಡುತ್ತಾರೆ. ಎಲೆ ಉದುರುವ ಕಾಲದಲ್ಲಿ ಹುಡುಗಿಯರಿಗೆ ವಾಲಿಬಾಲ್. ಹಿಮ ಬೀಳುವಾಗ ಒಳಾಂಗಣದಲ್ಲಿ ಬಾಸ್ಕೆಟ್‌ಬಾಲ್. ವಸಂತ ಬಂದು ನೆಲ ಒಣಗಿದಾಗ ಓಟ, ಜಿಗಿತ, ಎಸೆತ. ಒಂದು ಮುಗಿದ ಮೇಲೆ ಇನ್ನೊಂದು. ಒಂದು ಆಟದಲ್ಲಿ ದಣಿದ ಸ್ನಾಯುವಿಗೆ ಮುಂದಿನ ಆಟದಲ್ಲಿ ವಿಶ್ರಾಂತಿ, ಮನಸ್ಸಿಗೂ ಹೊಸತನ. ಎರಡು ದೋಣಿಯಲ್ಲಿ ಕಾಲಿಟ್ಟವರು ಮುಳುಗುತ್ತಾರೆ ಎನ್ನುತ್ತಾರೆ ನಿಜ. ಇಲ್ಲಿ ಒಂದು ಸಲಕ್ಕೆ ಒಂದೇ ದೋಣಿ.

ಇದಕ್ಕೆ ಇನ್ನೊಂದು ಹಿನ್ನೆಲೆಯೂ ಇದೆ. ಹುಡುಗಿಯರು ಇದನ್ನು ವಿಶೇಷವಾಗಿ ತಿಳಿಯಬೇಕು. ಜಾಕಿಗೆ ಹತ್ತು ವರ್ಷವಾಗಿದ್ದಾಗ, 1972ರಲ್ಲಿ, ಅಮೆರಿಕದಲ್ಲಿ ‘ಟೈಟಲ್ ನೈನ್’ ಎಂಬ ಕಾನೂನು ಬಂತು. ಕೇಂದ್ರ ಸರ್ಕಾರದ ಹಣ ಪಡೆಯುವ ಶಾಲೆ ಕಾಲೇಜುಗಳು ಶಿಕ್ಷಣದಲ್ಲಿ ಹೆಣ್ಣು ಗಂಡೆಂಬ ಭೇದ ಮಾಡಕೂಡದು ಎಂಬುದು ಅದರ ಸಾರ. ಶಾಲೆಯ ಆಟದ ಮೈದಾನವೂ ಅದರೊಳಗೆ ಬಂತು. ಆ ಕಾನೂನು ಬರುವ ಮುಂಚಿನ ವರ್ಷ ಇಡೀ ಅಮೆರಿಕದ ಹೈಸ್ಕೂಲು ತಂಡಗಳಲ್ಲಿ ಹುಡುಗರು 36 ಲಕ್ಷಕ್ಕೂ ಹೆಚ್ಚು, ಹುಡುಗಿಯರು 3 ಲಕ್ಷಕ್ಕೂ ಕಡಿಮೆ. 1978ರ ಹೊತ್ತಿಗೆ, ಅಂದರೆ ಜಾಕಿ ಹೈಸ್ಕೂಲಿನಲ್ಲಿದ್ದಾಗ, ಹುಡುಗಿಯರ ಸಂಖ್ಯೆ 20 ಲಕ್ಷ ದಾಟಿತ್ತು. ಪ್ರತಿಭೆ ಆರು ವರ್ಷಗಳಲ್ಲಿ ಏಳು ಪಟ್ಟು ಹೆಚ್ಚಾಗುವುದು ಸಾಧ್ಯವೆ? ಮೊದಲಿಂದ ಇದ್ದ ಪ್ರತಿಭೆಗೆ ಆಗ ಬಾಗಿಲು ತೆರೆಯಿತು, ಅಷ್ಟೆ.

ತೆರೆದ ಬಾಗಿಲಿನಿಂದ ಜಾಕಿ ಓಡುತ್ತಲೇ ಒಳಗೆ ಹೋದಳು. ಹೈಸ್ಕೂಲಿನ ಕೊನೆಯ ವರ್ಷಕ್ಕಿಂತ ಹಿಂದಿನ ವರ್ಷದಲ್ಲೇ ಉದ್ದ ಜಿಗಿತದಲ್ಲಿ 20 ಅಡಿ 7½ ಅಂಗುಲ, ಅಂದರೆ ಸುಮಾರು 6.28 ಮೀಟರ್ ಹಾರಿ ಇಲಿನಾಯ್ ರಾಜ್ಯದ ಹೈಸ್ಕೂಲು ದಾಖಲೆ ಬರೆದಳು. ಕೊನೆಯ ವರ್ಷ ಅವಳಿದ್ದ ಬಾಸ್ಕೆಟ್‌ಬಾಲ್ ತಂಡ ಎದುರಾಳಿಗಳನ್ನು ಸೋಲಿಸಿದ ಸರಾಸರಿ ಅಂತರ 50 ಅಂಕಗಳಿಗೂ ಹೆಚ್ಚು. ಆ ಆಟ ಬಲ್ಲವರಿಗೆ ಗೊತ್ತು, ಹತ್ತು ಅಂಕದ ಗೆಲುವೇ ದೊಡ್ಡದು.

ಓದು? ತಾಯಿ ಮೇರಿ ಅಲ್ಲಿ ಯಾವ ರಿಯಾಯಿತಿಯನ್ನೂ ಕೊಡುತ್ತಿರಲಿಲ್ಲ. 1980ರಲ್ಲಿ ಹೈಸ್ಕೂಲು ಮುಗಿಸಿದಾಗ ತರಗತಿಯ ಮೊದಲ ಶೇಕಡಾ 10 ವಿದ್ಯಾರ್ಥಿಗಳಲ್ಲಿ ಜಾಕಿ ಒಬ್ಬಳು. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಅವಳಿಗೆ ವಿದ್ಯಾರ್ಥಿವೇತನ ಕೊಟ್ಟು ಕರೆಯಿತು. ಯಾವ ಆಟಕ್ಕೆ ಗೊತ್ತೆ? ಬಾಸ್ಕೆಟ್‌ಬಾಲಿಗೆ. ಜಗತ್ತಿನ ಶ್ರೇಷ್ಠ ಅಥ್ಲೀಟ್ ಎನಿಸಿಕೊಳ್ಳಲಿದ್ದವಳಿಗೆ ಕಾಲೇಜಿನ ಬಾಗಿಲು ತೆರೆದದ್ದು ಅವಳ ಇನ್ನೊಂದು ಆಟ. ಹೈಸ್ಕೂಲಿನಲ್ಲಿ ಯಾರಾದರೂ ‘ಅದನ್ನು ಬಿಡು, ಬರೀ ಜಿಗಿ’ ಎಂದಿದ್ದರೆ ಕಥೆ ಯಾವ ದಾರಿ ಹಿಡಿಯುತ್ತಿತ್ತೋ!

ತಾಯಿ ಹೋದ ವರ್ಷ

ಕಾಲೇಜು ಸೇರಿ ಇನ್ನೂ ಮೊದಲ ವರ್ಷವೂ ಮುಗಿದಿರಲಿಲ್ಲ. 1981ರ ಜನವರಿಯಲ್ಲಿ ತಾಯಿ ಮೇರಿ ಮೆನಿಂಜೈಟಿಸ್ ಎಂಬ ಮಿದುಳಿನ ಸೋಂಕಿಗೆ ಹಠಾತ್ತನೆ ಬಲಿಯಾದರು. ಊರಿನಿಂದ ಸಾವಿರಾರು ಕಿಲೋಮೀಟರ್ ದೂರದಲ್ಲಿದ್ದ ಹದಿನೆಂಟರ ಹುಡುಗಿಗೆ ಇದು ಎಂಥ ಆಘಾತವಾಗಿರಬೇಕು! ಆದರೂ ಮರಳಿ ಬಂದು ಓದು ಮುಂದುವರಿಸಿದಳು. ಅದೇ ವಿಶ್ವವಿದ್ಯಾಲಯದ ಸಹಾಯಕ ತರಬೇತುದಾರ ಬಾಬ್ ಕರ್ಸಿ ಅವಳಲ್ಲಿ ಇತರರು ಕಾಣದ್ದನ್ನು ಕಂಡರು. ಬಾಸ್ಕೆಟ್‌ಬಾಲ್ ಆಡುತ್ತ, ಬಿಡುವಿದ್ದಾಗ ಉದ್ದ ಜಿಗಿಯುವ ಹುಡುಗಿ ಇವಳಲ್ಲ; ಎಲ್ಲವನ್ನೂ ಸೇರಿಸಿ ಆಡಬೇಕಾದವಳು ಎಂದು ವಿಶ್ವವಿದ್ಯಾಲಯದವರೊಡನೆ ವಾದಿಸಿ ಒಪ್ಪಿಸಿದರು. ಆ ಹೊತ್ತಿಗೆ, 1981ರಲ್ಲಿ, ಮಹಿಳೆಯರ ಪೆಂಟಾಥ್ಲಾನಿಗೆ ಎರಡು ಸ್ಪರ್ಧೆ ಸೇರಿ ಅದು ಹೆಪ್ಟಾಥ್ಲಾನ್ ಆಗಿತ್ತು. ಬಾಸ್ಕೆಟ್‌ಬಾಲನ್ನು ಆಕೆ ಆಗಲೂ ಬಿಡಲಿಲ್ಲ. ಕಾಲೇಜು ತಂಡಕ್ಕೆ ಸಾವಿರಕ್ಕೂ ಹೆಚ್ಚು ಅಂಕ ಗಳಿಸಿಕೊಟ್ಟಳು. ಇದೇ ವರ್ಷಗಳಲ್ಲಿ ಅವಳಿಗೆ ಅಸ್ತಮಾ ಇದೆಯೆಂದು ವೈದ್ಯರು ಹೇಳಿದರು, ಶ್ರಮಪಟ್ಟಾಗ ಉಸಿರು ಕಟ್ಟುವ ಬಗೆಯದು. ಅದನ್ನು ಒಪ್ಪಿಕೊಳ್ಳಲು, ಔಷಧಿಯನ್ನು ನಿಯಮಿತವಾಗಿ ತೆಗೆದುಕೊಳ್ಳಲು ಅವಳಿಗೆ ಬಹಳ ಕಾಲ ಹಿಡಿಯಿತು. ನಿಮ್ಮಲ್ಲಿ ಯಾರ ಚೀಲದಲ್ಲಾದರೂ ಇನ್‌ಹೇಲರ್ ಇದ್ದರೆ ನಾಚಿಕೆಪಡಬೇಡಿ.

ಏಳು ವಿಷಯ, ಒಂದು ಒಟ್ಟು ಮೊತ್ತ

ಹೆಪ್ಟಾಥ್ಲಾನ್ ಎಂದರೇನು? ಎರಡು ದಿನ, ಏಳು ಸ್ಪರ್ಧೆ. ಮೊದಲ ದಿನ 100 ಮೀಟರ್ ಹರ್ಡಲ್ಸ್, ಎತ್ತರ ಜಿಗಿತ, ಗುಂಡು ಎಸೆತ, 200 ಮೀಟರ್ ಓಟ. ಎರಡನೆಯ ದಿನ ಉದ್ದ ಜಿಗಿತ, ಭರ್ಜಿ ಎಸೆತ, ಕೊನೆಗೆ 800 ಮೀಟರ್ ಓಟ. ಇದನ್ನು ನಮ್ಮ ಹತ್ತನೆಯ ತರಗತಿಯ ಅಂಕಪಟ್ಟಿಯಂತೆ ಭಾವಿಸಿದರೆ ತಟ್ಟನೆ ಅರ್ಥವಾಗುತ್ತದೆ. ಏಳು ವಿಷಯ, ಪ್ರತಿಯೊಂದಕ್ಕೂ ಅಂಕ, ಕೊನೆಗೆ ಒಟ್ಟು. ಯಾರ ಹಿಂದೆ ಬಂದಿರಿ, ಯಾರ ಮುಂದೆ ಬಂದಿರಿ ಎಂಬುದಕ್ಕೆ ಅಂಕವಿಲ್ಲ. ನಿಮ್ಮ ಗಡಿಯಾರ ಎಷ್ಟು ತೋರಿಸಿತು, ನಿಮ್ಮ ಅಳತೆಪಟ್ಟಿ ಎಷ್ಟು ತೋರಿಸಿತು ಎಂಬುದನ್ನು ಗೊತ್ತಾದ ಸೂತ್ರಕ್ಕೆ ಹಾಕಿ ಅಂಕ ಕೊಡುತ್ತಾರೆ. ಏಳರಲ್ಲಿ ಏಳಕ್ಕೂ ಮೊದಲಿಗರಾಗಬೇಕಿಲ್ಲ. ಆದರೆ ಒಂದರಲ್ಲಿ ಸೊನ್ನೆ ಬಂದರೆ ಉಳಿದ ಆರರ ಶ್ರಮವೂ ನೀರಿನಲ್ಲಿ ಹೋಮ.

ಈಗ ಲಿಂಕನ್ ಹೈಸ್ಕೂಲಿನ ಮೂರು ಆಟಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ವಾಲಿಬಾಲಿನಲ್ಲಿ ಬಲೆಯ ಮೇಲಿನ ಚೆಂಡಿಗಾಗಿ ನೂರು ಸಲ ನೆಗೆದ ಕಾಲಿಗೆ ಎತ್ತರ ಜಿಗಿತ ಹೊಸದಲ್ಲ. ತಲೆಯ ಮೇಲಿಂದ ತೋಳು ಬೀಸಿ ಚೆಂಡನ್ನು ಹೊಡೆಯುವ ಚಲನೆ ಭರ್ಜಿ ಎಸೆತಕ್ಕೆ ಹತ್ತಿರದ ನೆಂಟ. ಬಾಸ್ಕೆಟ್‌ಬಾಲಿನಲ್ಲಿ ಓಡಿ ಬಂದು ಒಂದು ಕಾಲಿನಿಂದ ಮೇಲೆದ್ದು ಚೆಂಡನ್ನು ಬುಟ್ಟಿಗೆ ಹಾಕುವುದು ಜಿಗಿತದ ಅಭ್ಯಾಸವೇ. ಅಂಗಣದ ಆ ತುದಿಯಿಂದ ಈ ತುದಿಗೆ ಓಡುತ್ತಲೇ ಇರಬೇಕಾದ ಆಟ ಅದಾದ್ದರಿಂದ 800 ಮೀಟರಿಗೆ ಬೇಕಾದ ಉಸಿರೂ ಅಲ್ಲೇ ಬೆಳೆಯಿತು. ಉದ್ದ ಜಿಗಿತಕ್ಕೆ ಓಡಿ ಬರುವ ವೇಗ 200 ಮೀಟರಿಗೂ ಹರ್ಡಲ್ಸಿಗೂ ಬಂಡವಾಳ. ಹೈಸ್ಕೂಲಿನಲ್ಲಿ ಅವಳು ಮೂರು ಆಟ ಆಡುವಾಗ ನೋಡಿದವರಿಗೆ ಅದು ಚದುರಿಹೋದ ಶ್ರಮದಂತೆ ಕಂಡಿರಬಹುದು. ಅವಳ ದೇಹ ಮಾತ್ರ ಎಲ್ಲವನ್ನೂ ಒಂದೇ ಖಾತೆಗೆ ಜಮಾ ಮಾಡಿಕೊಳ್ಳುತ್ತಿತ್ತು.

ಐದೇ ಐದು ಅಂಕ

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್. ಹೆಪ್ಟಾಥ್ಲಾನ್ ಒಲಿಂಪಿಕ್ಸಿಗೆ ಸೇರಿದ್ದೇ ಆ ವರ್ಷ. ಜಾಕಿಯ ತೊಡೆಯ ಹಿಂಭಾಗದ ಸ್ನಾಯುವಿಗೆ ನೋವಾಗಿ ಪಟ್ಟಿ ಸುತ್ತಲಾಗಿತ್ತು. ಆರು ಸ್ಪರ್ಧೆ ಮುಗಿದು 800 ಮೀಟರ್ ಉಳಿದಿತ್ತು. ಅದೇ ಸಂಜೆ, ಅದೇ ಕ್ರೀಡಾಂಗಣದಲ್ಲಿ ಅವಳ ಅಣ್ಣ ಆಲ್ ಜಾಯ್ನರ್ ಟ್ರಿಪಲ್ ಜಂಪ್‌ನಲ್ಲಿ ಸ್ಪರ್ಧಿಸುತ್ತಿದ್ದ. ತಂಗಿ ಓಡುತ್ತಿದ್ದಾಗ ಅಣ್ಣ ಮೈದಾನದ ಒಳಅಂಚಿನಲ್ಲಿ ಅವಳ ಜೊತೆಜೊತೆಗೇ ಓಡುತ್ತ ಕೂಗಿ ಹುರಿದುಂಬಿಸಿದ. ಫಲಿತಾಂಶ ಬಂತು: ಆಸ್ಟ್ರೇಲಿಯಾದ ಗ್ಲಿನಿಸ್ ನನ್ 6390, ಜಾಕಿ 6385. ಐದು ಅಂಕದಿಂದ ಚಿನ್ನ ಕೈತಪ್ಪಿತು. 800 ಮೀಟರ್ ಓಟದಲ್ಲಿ ಆ ಐದು ಅಂಕದ ಬೆಲೆ ಒಂದು ಸೆಕೆಂಡಿನ ಸುಮಾರು ಮೂರನೆಯ ಒಂದು ಭಾಗ. ಕಣ್ಣು ಮಿಟುಕಿಸುವಷ್ಟು ಹೊತ್ತು.

ಆಲ್ ಅಂದು ಚಿನ್ನ ಗೆದ್ದ. ಅಳುತ್ತಿದ್ದ ತಂಗಿಯನ್ನು ಸಮಾಧಾನಪಡಿಸಲು ಹೋದಾಗ, ತಾನು ಸೋತದ್ದಕ್ಕೆ ಅಳುತ್ತಿಲ್ಲ, ಅಣ್ಣ ಗೆದ್ದದ್ದಕ್ಕೆ ಅಳುತ್ತಿದ್ದೇನೆ ಎಂದಳಂತೆ ಜಾಕಿ. ಒಂದು ಕಾಲದಲ್ಲಿ ಬೀದಿಯ ಪಂದ್ಯದಲ್ಲಿ ಇದೇ ತಂಗಿಗೆ ಸೋತ ಮೇಲೆ ಆಲ್ ಆಟವನ್ನು ಗಂಭೀರವಾಗಿ ತೆಗೆದುಕೊಂಡನೆಂದು ಹೇಳುತ್ತಾರೆ. ಒಂದು ಮನೆಯಲ್ಲಿ ಒಬ್ಬರು ಆಡತೊಡಗಿದರೆ ಇನ್ನೊಬ್ಬರೂ ಎದ್ದು ನಿಲ್ಲುತ್ತಾರೆ.

1986ರ ಜನವರಿಯಲ್ಲಿ ಜಾಕಿ ತರಬೇತುದಾರ ಬಾಬ್ ಕರ್ಸಿಯವರನ್ನು ಮದುವೆಯಾದರು. ಇನ್ನು ‘ಅವಳು’ ಸಾಕು, ‘ಅವರು’ ಎನ್ನೋಣ. ಅದೇ ವರ್ಷದ ಜುಲೈಯಲ್ಲಿ ಮಾಸ್ಕೋದಲ್ಲಿ ನಡೆದ ಗುಡ್‌ವಿಲ್ ಕ್ರೀಡಾಕೂಟದಲ್ಲಿ ಅವರು ಗಳಿಸಿದ್ದು 7148 ಅಂಕ. ಹೆಪ್ಟಾಥ್ಲಾನಿನಲ್ಲಿ 7000 ದಾಟಿದ ಮೊದಲ ಮಹಿಳೆ ಅವರು. ತಿಂಗಳು ಕಳೆಯುವ ಮೊದಲೇ ಹ್ಯೂಸ್ಟನ್ನಿನಲ್ಲಿ ಅದನ್ನು 7158ಕ್ಕೆ ಏರಿಸಿದರು. 1987ರಲ್ಲಿ ಉದ್ದ ಜಿಗಿತದಲ್ಲಿ 7.45 ಮೀಟರ್ ಹಾರಿ ಆಗಿನ ವಿಶ್ವದಾಖಲೆಯನ್ನು ಸರಿಗಟ್ಟಿದರು. ಅದೇ ವರ್ಷ ರೋಮ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹೆಪ್ಟಾಥ್ಲಾನ್, ಉದ್ದ ಜಿಗಿತ ಎರಡರಲ್ಲೂ ಚಿನ್ನ. ಬಳಿಕ ಬಂದದ್ದು 1988ರ ಸೋಲ್ ಒಲಿಂಪಿಕ್ಸ್. ಅಲ್ಲಿನ ಅಂಕಪಟ್ಟಿಯನ್ನು ಪೂರ್ತಿಯಾಗಿ ಕೊಡುತ್ತೇನೆ, ನೀವೇ ಕೂಡಿಸಿ ನೋಡಿ:

100 ಮೀಟರ್ ಹರ್ಡಲ್ಸ್: 12.69 ಸೆಕೆಂಡ್ – 1172 ಅಂಕ
ಎತ್ತರ ಜಿಗಿತ: 1.86 ಮೀಟರ್ – 1054 ಅಂಕ
ಗುಂಡು ಎಸೆತ: 15.80 ಮೀಟರ್ – 915 ಅಂಕ
200 ಮೀಟರ್ ಓಟ: 22.56 ಸೆಕೆಂಡ್ – 1123 ಅಂಕ
ಉದ್ದ ಜಿಗಿತ: 7.27 ಮೀಟರ್ – 1264 ಅಂಕ
ಭರ್ಜಿ ಎಸೆತ: 45.66 ಮೀಟರ್ – 776 ಅಂಕ
800 ಮೀಟರ್ ಓಟ: 2 ನಿಮಿಷ 8.51 ಸೆಕೆಂಡ್ – 987 ಅಂಕ
ಒಟ್ಟು: 7291

ಈ ಪಟ್ಟಿಯಲ್ಲಿ ನಾನು ನಿಮಗೆ ಬೊಟ್ಟುಮಾಡಿ ತೋರಿಸುವುದು ಭರ್ಜಿ ಎಸೆತದ 776ನ್ನು. ಜಗತ್ತಿನ ಅತ್ಯುತ್ತಮ ಹೆಪ್ಟಾಥ್ಲಾನ್ ಪಟುವಿಗೂ ಒಂದು ‘ಗಣಿತ’ ಇತ್ತು, ಕೈಗೆ ಸುಲಭವಾಗಿ ಬಗ್ಗದ ವಿಷಯ! ಉದ್ದ ಜಿಗಿತದ ಅಂಕಕ್ಕೂ ಇದಕ್ಕೂ ಸುಮಾರು 500ರ ಅಂತರ. ಆದರೆ ಅದನ್ನು ಅವರು ಬಿಟ್ಟುಕೊಡಲಿಲ್ಲ. 7291 ಎಂಬ ಆ ಮೊತ್ತವೇ ಇಂದಿಗೂ ವಿಶ್ವದಾಖಲೆ. ಈವರೆಗೆ 7000 ದಾಟಿದವರೇ ಬೆರಳೆಣಿಕೆಯಷ್ಟು ಮಂದಿ. ಐದು ದಿನಗಳ ಬಳಿಕ ಸೋಲ್‌ನಲ್ಲೇ ಉದ್ದ ಜಿಗಿತದ ಪ್ರತ್ಯೇಕ ಸ್ಪರ್ಧೆಯಲ್ಲಿ 7.40 ಮೀಟರ್ ಹಾರಿ ಇನ್ನೊಂದು ಚಿನ್ನ ಗೆದ್ದರು.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. 1992ರ ಬಾರ್ಸಿಲೋನಾದಲ್ಲಿ ಹೆಪ್ಟಾಥ್ಲಾನ್ ಚಿನ್ನ, ಉದ್ದ ಜಿಗಿತದ ಕಂಚು. 1996ರ ಅಟ್ಲಾಂಟಾದಲ್ಲಿ ಸ್ನಾಯು ನೋವಿನಿಂದ ಹೆಪ್ಟಾಥ್ಲಾನನ್ನು ಅರ್ಧಕ್ಕೆ ಬಿಡಬೇಕಾಯಿತು. ಆದರೂ ಕೆಲವೇ ದಿನಗಳಲ್ಲಿ ಉದ್ದ ಜಿಗಿತಕ್ಕೆ ಮರಳಿ, ಆರನೆಯ ಸ್ಥಾನದಲ್ಲಿದ್ದವರು ಕಟ್ಟಕಡೆಯ ಯತ್ನದಲ್ಲಿ 7 ಮೀಟರ್ ಹಾರಿ ಕಂಚು ಕಿತ್ತುಕೊಂಡರು. ನಾಲ್ಕು ಒಲಿಂಪಿಕ್ಸ್, ಆರು ಪದಕ. ಅದಾದ ಮೇಲೆ ಏನು ಮಾಡಿದರು? ಹೈಸ್ಕೂಲಿನ ಹಳೆಯ ಗೆಳೆತನ ಬಿಡದೆ ಕೆಲಕಾಲ ವೃತ್ತಿಪರ ಬಾಸ್ಕೆಟ್‌ಬಾಲ್ ಆಡಿದರು. ಅಥ್ಲೆಟಿಕ್ಸ್‌ನಿಂದ 1998ರಲ್ಲಿ ನಿವೃತ್ತರಾದರು.

ಮೇರಿ ಬ್ರೌನ್ ಕೇಂದ್ರ ಏನಾಯಿತು ಎಂದು ಕೇಳುತ್ತೀರಾ? ಅದು ಮುಚ್ಚಿಹೋಯಿತು. ಆ ಬಾಗಿಲಿಗೆ ಬೀಗ ಬಿದ್ದದ್ದು ಜಾಕಿಯವರ ಮನಸ್ಸಿಗೆ ನಾಟಿತು. ಪ್ರತಿಷ್ಠಾನ ಕಟ್ಟಿ, ವರ್ಷಗಟ್ಟಲೆ ನಿಧಿ ಸಂಗ್ರಹಿಸಿ, 2000ದಲ್ಲಿ ತಮ್ಮೂರಿನ ಮಕ್ಕಳಿಗಾಗಿ ಹೊಸ ಕೇಂದ್ರವನ್ನು ತೆರೆದರು. ಓದು, ಆಟ ಎರಡಕ್ಕೂ ಅಲ್ಲಿ ಜಾಗವಿದೆ. ತನ್ನನ್ನು ಬೆಳೆಸಿದ ಬೀದಿಗೆ ಒಬ್ಬ ಮಗಳು ಸಲ್ಲಿಸಿದ ಋಣ ಅದು.

ಪಶುಪತಿಹಾಳದಿಂದ ಅಥೆನ್ಸಿಗೆ

ಇದೆಲ್ಲ ಅಮೆರಿಕದ ಮಾತು, ನಮಗೇಕೆ ಎನ್ನಬೇಡಿ. ಹೆಪ್ಟಾಥ್ಲಾನಿನಲ್ಲಿ ಭಾರತಕ್ಕೆ ಹೆಸರು ತಂದವರಲ್ಲಿ ಕನ್ನಡದ ಹೆಣ್ಣುಮಕ್ಕಳ ಪಾಲು ದೊಡ್ಡದು. ಧಾರವಾಡದ ಕಡೆಯ ಪಶುಪತಿಹಾಳದ ಜೆ. ಜೆ. ಶೋಭಾ ಅವರಲ್ಲಿ ಒಬ್ಬರು. ನಿಮ್ಮ ಹಾಗೆಯೇ ಹೊರನಾಡ ಕನ್ನಡತಿ ಅವರು; ನೆಲೆಸಿದ್ದು ಸಿಕಂದರಾಬಾದಿನಲ್ಲಿ. 2002ರ ಬೂಸಾನ್ ಮತ್ತು 2006ರ ದೋಹಾ ಏಷ್ಯನ್ ಕ್ರೀಡಾಕೂಟಗಳೆರಡರಲ್ಲೂ ಕಂಚು ಗೆದ್ದರು.

ಅವರ ಬಗ್ಗೆ ನೀವು ನೆನಪಿಡಬೇಕಾದ್ದು 2004ರ ಅಥೆನ್ಸ್ ಒಲಿಂಪಿಕ್ಸ್. ಎರಡನೆಯ ದಿನ ಭರ್ಜಿ ಎಸೆಯುವಾಗ ಶೋಭಾ ಅವರ ಹಿಮ್ಮಡಿಯ ಗಂಟು ಉಳುಕಿತು. ಸ್ಟ್ರೆಚರ್ ಮೇಲೆ ಅವರನ್ನು ಮೈದಾನದಿಂದ ಹೊತ್ತೊಯ್ದರು. ಉಳಿದದ್ದು 800 ಮೀಟರ್ ಓಟ. ಓಡದಿದ್ದರೆ ಆರು ಸ್ಪರ್ಧೆಗಳ ಅಂಕವೆಲ್ಲ ವ್ಯರ್ಥ. ಕಾಲಿಗೆ ಬಿಗಿಯಾಗಿ ಪಟ್ಟಿ ಸುತ್ತಿಸಿಕೊಂಡು ಅವರು ಮತ್ತೆ ಓಟದ ಗೆರೆಗೆ ಬಂದು ನಿಂತರು, ಓಡಿ ಮುಗಿಸಿದರು. 6172 ಅಂಕ, ಜಗತ್ತಿನ ಘಟಾನುಘಟಿಗಳ ನಡುವೆ 11ನೆಯ ಸ್ಥಾನ. ಪದಕ ಬರಲಿಲ್ಲ. ಆದರೆ ಆ ಓಟವನ್ನು ನೋಡಿದವರು ಮರೆತಿಲ್ಲ.

ಕೊಡಗಿನ ಪ್ರಮೀಳಾ ಅಯ್ಯಪ್ಪ ಇನ್ನೊಬ್ಬರು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದವರು, ಆಮೇಲೆ ತಾಯಿಯಾದವರು. ಮಗುವಾದ ಮೇಲೆ ಆಟ ಮುಗಿಯಿತು ಎನ್ನುವ ನಮ್ಮ ಸಮಾಜದಲ್ಲಿ ಅವರು ಮೈದಾನಕ್ಕೆ ಮರಳಿ 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದರು. ಒಂಬತ್ತನೆಯ ತರಗತಿಯಲ್ಲೇ ‘ಇನ್ನು ಸಾಕು’ ಎನ್ನಿಸಿಕೊಂಡ ಹುಡುಗಿಯರೇ, ಈ ಹೆಸರನ್ನು ಮನೆಯಲ್ಲಿ ಹೇಳಿ.

ನಿಮ್ಮ ಪಾಲಿನ ಕೆಲಸ

ಎಲ್ಲರೂ ಒಲಿಂಪಿಕ್ಸಿಗೆ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಆದರೆ ಬೆಳೆಯುವ ದೇಹಕ್ಕೆ ಒಂದೇ ಆಟದ ಒಂದೇ ಬಗೆಯ ಹೊರೆಯನ್ನು ವರ್ಷವಿಡೀ ಹೊರಿಸಿದರೆ ಅದೇ ಕೀಲು, ಅದೇ ಸ್ನಾಯು ಸವೆಯುತ್ತದೆ. ಮನಸ್ಸೂ ಬೇಸರದಿಂದ ಆಟವನ್ನೇ ಬಿಡುತ್ತದೆ. ಹದಿನೈದು ಹದಿನಾರರ ತನಕ ಒಂದೇ ಆಟಕ್ಕೆ ಕಟ್ಟುಬೀಳದಿರುವುದು ಮೇಲು ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘವೇ 2016ರಲ್ಲಿ ಸಲಹೆ ಕೊಟ್ಟಿದೆ. ಇದು ಓದನ್ನು ಬಿಡುವುದಕ್ಕೆ ಪರವಾನಗಿಯಲ್ಲ. ಮೇರಿ ಜಾಯ್ನರ್ ಅವರ ಶಿಸ್ತನ್ನು ಮರೆಯಬೇಡಿ.

ನಮ್ಮ ಶಾಲೆಗಳಲ್ಲಿ ಋತುವಿಗೊಂದು ಆಟದ ಪದ್ಧತಿ ಇಲ್ಲದಿದ್ದರೆ ನೀವೇ ಒಂದು ಪಂಚಾಂಗ ಮಾಡಿಕೊಳ್ಳಿ. ಮಳೆಗಾಲದಲ್ಲಿ ಕೆಸರಿನ ಫುಟ್‌ಬಾಲ್, ಇಲ್ಲವೆ ಒಳಗಡೆ ಟೇಬಲ್ ಟೆನಿಸ್. ದೀಪಾವಳಿ ಕಳೆದು ಚಳಿ ಬಿದ್ದಾಗ ಓಟ, ಜಿಗಿತ. ಪರೀಕ್ಷೆಯ ತಿಂಗಳಲ್ಲಿ ದಿನಕ್ಕೆ ಅರ್ಧ ಗಂಟೆ ಸ್ಕಿಪ್ಪಿಂಗ್ ಹಗ್ಗ ಸಾಕು. ಮೇ ತಿಂಗಳಲ್ಲಿ ಊರಿಗೆ ಹೋದಾಗ ಹಿರಿಯರ ಕಾವಲಿನಲ್ಲಿ ಈಜು ಕಲಿಯಿರಿ. ಖೋಖೋ, ಕಬಡ್ಡಿಗಳನ್ನು ಕೀಳಾಗಿ ಕಾಣಬೇಡಿ. ಗಕ್ಕನೆ ತಿರುಗುವುದು, ಬಗ್ಗಿ ಏಳುವುದು, ಉಸಿರು ಹಿಡಿಯುವುದು: ಈ ಮೂರನ್ನು ಬಿಡಿಗಾಸು ಖರ್ಚಿಲ್ಲದೆ ಕಲಿಸುವ ಬೇರೆ ಶಾಲೆ ಇಲ್ಲ.

ಹಿರಿಯರಿಗೂ ಒಂದು ಮಾತು. ಸಂಘದ ವಾರ್ಷಿಕ ಕ್ರೀಡಾಕೂಟವೆಂದರೆ ಹಗ್ಗಜಗ್ಗಾಟ, ನಿಂಬೆಹಣ್ಣು ಚಮಚದ ಓಟ, ಬಹುಮಾನ ವಿತರಣೆ ಎಂದು ನಾವು ಒಂದೇ ಭಾನುವಾರಕ್ಕೆ ಮುಗಿಸಿಬಿಡುತ್ತೇವೆ. ಉಳಿದ ಭಾನುವಾರಗಳಲ್ಲಿ ಸಭಾಭವನದ ಬಾಗಿಲನ್ನು ಎರಡು ಗಂಟೆ ಮಕ್ಕಳಿಗಾಗಿ ತೆರೆದಿಟ್ಟರೆ ಹೇಗೆ? ಪಿಗಟ್ ಅವೆನ್ಯೂವಿನ ಆ ಬಡ ಕೇಂದ್ರದಲ್ಲಿ ಇದ್ದದ್ದು ತೆರೆದ ಬಾಗಿಲು ಮತ್ತು ದಿನವೂ ಬರುತ್ತಿದ್ದ ಕೆಲವು ಹಿರಿಯರು. ಅಷ್ಟನ್ನು ಕೊಡುವ ಶಕ್ತಿ ನಮ್ಮ ಸಂಘಗಳಿಗೂ ಇದೆ.

ಮಿತ್ರರೇ, ನಿಮ್ಮ ಅಂಕಪಟ್ಟಿಯಲ್ಲೂ ಒಂದು ಉದ್ದ ಜಿಗಿತ ಇರುತ್ತದೆ, ಒಂದು ಭರ್ಜಿ ಎಸೆತವೂ ಇರುತ್ತದೆ. ಚೆನ್ನಾಗಿ ಬರುವುದನ್ನು ಇನ್ನಷ್ಟು ದೂರ ಹಾರಿ. ಬಾರದ್ದನ್ನು ಸೊನ್ನೆಗೆ ಬಿಡಬೇಡಿ. ಮೊದಲ ಓಟದಲ್ಲಿ ಕೊನೆಗೆ ಬಂದರೆ, ಮರುದಿನವೂ ಮೈದಾನಕ್ಕೆ ಬನ್ನಿ.